ಕಟಪಾಡಿಯ ಕೋಣೆಯಲ್ಲಿ ಒಂದು ರ‍್ಯಾಪ್ ಆಲ್ಬಮ್

ಪ್ರಶ್ನೆ: ನನ್ನ ಊರು ಕಟಪಾಡಿ, ವಯಸ್ಸು 24. ಮಣಿಪಾಲದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಮತ್ತು ತುಳುವಿನಲ್ಲಿ ರ‍್ಯಾಪ್ ಬರೆದು ಹಾಡುತ್ತೇನೆ. ಹನ್ನೊಂದು ಹಾಡುಗಳು ಸಿದ್ಧವಾಗಿವೆ. ಬೀಟ್‌ಗಳನ್ನು (ಹಾಡಿನ ಹಿಂದೆ ನುಡಿಯುವ ಸಿದ್ಧ ಸಂಗೀತ) ಅಂತರ್ಜಾಲದಲ್ಲಿ ಬಾಡಿಗೆ ಪರವಾನಗಿಯ ಮೇಲೆ ಪಡೆದಿದ್ದೇನೆ. ನಮ್ಮದು ಹಂಚಿನ ಮನೆ, ನನ್ನ ಕೋಣೆ ಹತ್ತಡಿಗೆ ಹತ್ತಡಿ. ಒಂದು ಲ್ಯಾಪ್‌ಟಾಪ್ ಇದೆ, ಕೈಯಲ್ಲಿ 60 ಸಾವಿರ ರೂಪಾಯಿ ಇದೆ. ಬೆಂಗಳೂರಿನ ದೊಡ್ಡ ಸ್ಟುಡಿಯೋಗೆ ಹೋಗು ಎಂದು ಗೆಳೆಯರು ಹೇಳುತ್ತಾರೆ. ನನಗೆ ಮಾತ್ರ ಇಡೀ ಆಲ್ಬಮ್ ಅನ್ನು ನಾನೇ ನಿರ್ಮಿಸಬೇಕೆಂಬ ಆಸೆ. ಸಾಧ್ಯವೇ? ಹಣವನ್ನು ಯಾವುದಕ್ಕೆ ಹಾಕಲಿ? ಬೀಡಿ ಕಟ್ಟುವ ನನ್ನ ಅಜ್ಜಿಯ ಬಗೆಗಿನ ಹಾಡಿನ ಕಚ್ಚಾ ಪ್ರತಿಯನ್ನೂ ಸಾಹಿತ್ಯವನ್ನೂ, ಉಳಿದ ಹಾಡುಗಳ ಸಾಹಿತ್ಯದ ಹಾಳೆಗಳನ್ನೂ ಕಳುಹಿಸಿದ್ದೇನೆ. ಕೇಳಿ ಹೇಳಿ.

ಉತ್ತರ: ಸಾಧ್ಯ. ಬೆಂಗಳೂರಿಗೆ ಹೋಗುವ ಅಗತ್ಯವೂ ಇಲ್ಲ. ಹಣದ ವಿಷಯಕ್ಕೆ ಬರುವ ಮೊದಲು ನೀವು ಕಳುಹಿಸಿದ ಹಾಡಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಅದರಲ್ಲೇ ಇದೆ.

ಅದನ್ನು ಮೂರು ಸಲ ಕೇಳಿದೆ. ಒಮ್ಮೆ ಸ್ಟುಡಿಯೋದಲ್ಲಿ, ಒಮ್ಮೆ ಮೊಬೈಲ್ ಸ್ಪೀಕರಿನಲ್ಲಿ, ಒಮ್ಮೆ ಮಂಗಳೂರಿನ ಬಿಜೈಯಿಂದ ಸುರತ್ಕಲ್‌ವರೆಗೆ ಕಾರಿನಲ್ಲಿ. ದನಿ ಚೆನ್ನಾಗಿದೆ, ಬರವಣಿಗೆ ಅದಕ್ಕಿಂತಲೂ ಚೆನ್ನಾಗಿದೆ. ಆದರೆ ಎರಡನೆಯ ಚರಣದಲ್ಲಿ, ಅಜ್ಜಿ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುವ ಭಾಗದಲ್ಲಿ ನೀವು ಏನು ಹೇಳುತ್ತಿದ್ದೀರಿ ಎಂಬುದು ಮೂರನೆಯ ಸಲವೂ ಕಿವಿಗೆ ಸಿಗಲಿಲ್ಲ. ಸಾಹಿತ್ಯದ ಹಾಳೆ ತೆಗೆದು ಓದಿದೆ. ಓದಿದಾಗ ಕಣ್ಣು ತುಂಬಿತು. ಕೇಳಿದಾಗಲೇ ತುಂಬಬೇಕಿತ್ತು.

ದೋಷ ನಿಮ್ಮ ಉಚ್ಚಾರದಲ್ಲಿಲ್ಲ. ನಿಮಿಷಕ್ಕೆ 140 ಬಡಿತದ ಬೀಟ್ ಒಂದನ್ನು ಬೇರೆ ದೇಶದಲ್ಲಿ, ಬೇರೆ ಭಾಷೆಯ ನಾಲಿಗೆಗಾಗಿ ಯಾರೋ ಮಾಡಿಟ್ಟಿದ್ದಾರೆ. ಅದರ ಮೇಲೆ ನೀವು ಬಡಿತಕ್ಕೆ ನಾಲ್ಕು ಮಾತ್ರೆಯಂತೆ ಕನ್ನಡವನ್ನು ತುಂಬಿದ್ದೀರಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂಬತ್ತಕ್ಕಿಂತ ಹೆಚ್ಚು ಮಾತ್ರೆ ಆಗುತ್ತದೆ. ಲಘುಗಳೇ ತುಂಬಿದ ಸಾಲಾದರೆ ಹೇಗೋ ದಾಟಬಹುದು. ‘ಕತ್ತರಿ’, ‘ಬಟ್ಟಲು’, ‘ಕಟ್ಟು’ ಎಂಬಂಥ ಒತ್ತಕ್ಷರದ ಪದಗಳು ಬಂದಾಗ ನಾಲಿಗೆ ಒಂದು ಕ್ಷಣ ನಿಲ್ಲಲೇಬೇಕು. ನಿಲ್ಲಲು ಜಾಗವಿಲ್ಲದೆ ಒತ್ತು ಜಾರಿಹೋಗಿ ‘ಕತ್ತರಿ’ಯು ‘ಕತರಿ’ಯಾಗಿದೆ, ‘ಕಟ್ಟು’ ‘ಕಟು’ವಾಗಿದೆ. ಕೇಳುವವರಿಗೆ ಅರ್ಥ ತಪ್ಪಿದ್ದು ಅಲ್ಲೇ.

ಹೈಸ್ಕೂಲಿನಲ್ಲಿ ಕಲಿತ ಛಂದಸ್ಸಿನ ಪಾಠವನ್ನು ಮತ್ತೆ ತೆರೆಯಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ರ‍್ಯಾಪ್‌ನ ಒಂದು ಬಾರ್ ಎಂದರೆ ನಾಲ್ಕು ಬಡಿತ, ಪ್ರತಿ ಬಡಿತಕ್ಕೆ ನಾಲ್ಕು ತುಂಡು, ಒಟ್ಟು ಹದಿನಾರು. ಅಂದರೆ ನಾಲ್ಕು ಮಾತ್ರೆಯ ನಾಲ್ಕು ಗಣ. ಲೆಕ್ಕ ತೋರಿಸಲೆಂದು ಕಟ್ಟಿದ ಈ ಎರಡು ಸಾಲುಗಳನ್ನು ಮೇಜು ತಟ್ಟುತ್ತಾ ಹೇಳಿ ನೋಡಿ:

ಮಲ್ಪೆಯ | ದಕ್ಕೆಗೆ | ಬೆಳಗಿನ | ನಾಲ್ಕಕೆ
ಅಲ್ಪವೆ | ಸಿಕ್ಕಲಿ | ಬಲೆಯನು | ಎಳೆವರು

ಸ್ನೇರ್ ಎಂಬ ಚೂಪು ದನಿಯ ಡ್ರಮ್ಮಿನ ಪೆಟ್ಟು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಬಡಿತಕ್ಕೆ. ಎರಡನೆಯ ಬಡಿತದಲ್ಲಿ ‘ದಕ್’, ಕೆಳಗೆ ‘ಸಿಕ್’: ಒತ್ತಕ್ಷರವೇ ಸ್ನೇರ್ ಜೊತೆ ಕೂಡಿ ಹೊಡೆಯುತ್ತದೆ. ಮೂರನೆಯ ಗಣದಲ್ಲಿ ‘ಬೆಳಗಿನ’, ‘ಬಲೆಯನು’ ಎರಡೂ ಬರೀ ಲಘು, ಅಲ್ಲಿ ನಾಲಿಗೆ ಓಡುತ್ತದೆ. ನಾಲ್ಕನೆಯದರಲ್ಲಿ ‘ನಾಲ್’ ಭದ್ರವಾಗಿ ಕೂರುತ್ತದೆ. ‘ಎಳೆ’ ತುಸು ಸಡಿಲ, ಹಾಡುವಾಗ ‘ಎ’ಯನ್ನು ಒತ್ತಿ ಹೇಳಿದರೆ ಸರಿಹೋಗುತ್ತದೆ. ನಿಮಿಷಕ್ಕೆ 90 ಬಡಿತ ಇಟ್ಟುಕೊಂಡರೆ ಇದು ಸೆಕೆಂಡಿಗೆ ಸರಿಯಾಗಿ ಆರು ಮಾತ್ರೆ. ಒತ್ತಕ್ಷರ ಉಸಿರಾಡುವ ವೇಗ ಅದು. ಅಜ್ಜಿಯ ಹಾಡಿಗೆ 86ರಿಂದ 92ರ ನಡುವೆ ಎಲ್ಲಾದರೂ ನಿಲ್ಲಿ. ವೇಗವೇ ಬೇಕಾದ ಒಂದೆರಡು ಹಾಡುಗಳಿಗೆ 140 ಇರಲಿ, ಆದರೆ ಅಲ್ಲಿ ಪದಗಳನ್ನು ಅರ್ಧಕ್ಕೆ ಇಳಿಸಿ.

ಮೇಲಿನ ಸಾಲುಗಳಲ್ಲಿ ಇನ್ನೊಂದನ್ನೂ ಗಮನಿಸಿ. ಪ್ರಾಸ ಇರುವುದು ಸಾಲಿನ ಕೊನೆಯಲ್ಲಲ್ಲ. ಮಲ್ಪೆ–ಅಲ್ಪ ಎರಡನೆಯ ಅಕ್ಷರದ ಪ್ರಾಸ, ದಕ್ಕೆ–ಸಿಕ್ಕ ಒಳಪ್ರಾಸ. ನಿಮ್ಮ ಹನ್ನೊಂದು ಹಾಡುಗಳ ಹಾಳೆಗಳಲ್ಲಿ ಮುಕ್ಕಾಲು ಪಾಲು ಸಾಲುಗಳು ‘ತ್ತೇನೆ’, ‘ತ್ತಾರೆ’, ‘ಯಾಗಿದೆ’ ಎಂದು ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಕೊನೆಗೆ ಪ್ರತ್ಯಯ ಬರುತ್ತದೆ. ಹಾಗಾಗಿ ಅಂತ್ಯಪ್ರಾಸ ನಮಗೆ ದುಡಿಯದೆ ಸಿಗುತ್ತದೆ, ದುಡಿಯದೆ ಸಿಕ್ಕಿದ್ದು ಕಿವಿಯಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷ್ ರ‍್ಯಾಪ್ ಕೇಳಿ ಬೆಳೆದವರು ಪ್ರಾಸವೆಂದರೆ ಸಾಲಿನ ಕೊನೆ ಎಂದುಕೊಳ್ಳುತ್ತಾರೆ. ನಮ್ಮ ಹಳೆಯ ಕವಿಗಳು ಸಾವಿರ ವರ್ಷ ಅದನ್ನು ಸಾಲಿನ ತಲೆಯಲ್ಲಿಟ್ಟಿದ್ದರು. ಆ ಕಟ್ಟಳೆ ಹೊಸ ಕಾವ್ಯಕ್ಕೆ ಭಾರವೆನಿಸಿದಾಗ ಅದನ್ನು ಧೈರ್ಯವಾಗಿ ಕೈಬಿಟ್ಟವರು ಇಲ್ಲೇ ಮಂಜೇಶ್ವರದ ಗೋವಿಂದ ಪೈಗಳು. ಅವರು ಬಿಟ್ಟದ್ದು ಸರಿಯೇ. ಆದರೆ ತಾಳದ ಮೇಲೆ ಮಾತಾಡುವ ನಿಮಗೆ ಅದು ಮತ್ತೆ ಕೈಗೆ ಬರಬೇಕಾದ ಸಾಧನ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಮುದ್ರಣವಾದ ಕಿಟೆಲ್ ನಿಘಂಟನ್ನು ಮೇಜಿನ ಮೇಲಿಟ್ಟುಕೊಳ್ಳಿ. ಒಂದೊಂದು ಅಕ್ಷರದ ಭಾಗಕ್ಕೂ ಹೋಗಿ ‘ಲ್ಪ’, ‘ಕ್ಕ’, ‘ತ್ತ’ ಎರಡನೆಯದಾಗಿ ಬರುವ ಪದಗಳನ್ನು ಹುಡುಕಿದರೆ ಒಂದು ಸಂಜೆಯಲ್ಲಿ ಒಂದು ಹಾಡಿಗೆ ಸಾಕಾಗುವಷ್ಟು ಪ್ರಾಸ ಸಿಗುತ್ತದೆ.

ತುಳು ಸಾಲುಗಳ ತೊಂದರೆ ಬೇರೆ. ತುಳುವಿನ ಎಷ್ಟೋ ಪದಗಳು ಅರ್ಧ ಉಕಾರದಲ್ಲಿ ಮುಗಿಯುತ್ತವೆ. ಆ ಸ್ವರ ಹುಟ್ಟಾ ಮೆಲುದನಿಯದು, ತುಟಿ ದುಂಡಗಾಗುವುದಿಲ್ಲ. ಅದರ ಮೇಲೆ ಕಿಕ್ ಎಂಬ ದಪ್ಪ ದನಿಯ ಡ್ರಮ್ಮಿನ ಪೆಟ್ಟು ಬಿದ್ದರೆ ಪದದ ಬಾಲವೇ ಕತ್ತರಿಸಿಹೋಗುತ್ತದೆ. ತುಳುವಿನಲ್ಲಿ ಹಾಡುವಾಗ ಪದದ ಮೊದಲ ಅಕ್ಷರ ಬಡಿತದ ಮೇಲೆ ಬೀಳಲಿ, ಕೊನೆಯದು ಎರಡು ಬಡಿತಗಳ ನಡುವಿನ ಖಾಲಿ ಜಾಗದಲ್ಲಿ ಕೇಳಲಿ. ಎರಡು ಭಾಷೆಗಳನ್ನು ಒಂದೇ ಹಾಡಿನಲ್ಲಿ ಬೆರೆಸುವುದು ತಪ್ಪಲ್ಲ, ಕಟಪಾಡಿಯ ಮನೆಗಳಲ್ಲಿ ಜನ ಮಾತಾಡುವುದೇ ಹಾಗೆ. ಚರಣದ ನಡುವೆ ಭಾಷೆ ಬದಲಾದಾಗ ಬೀಟ್‌ನಲ್ಲೂ ಏನಾದರೊಂದು ಬದಲಾದರೆ ಕಿವಿ ಅದಕ್ಕೆ ಸಿದ್ಧವಾಗುತ್ತದೆ.

ಈಗ ಬಾಡಿಗೆ ಬೀಟ್‌ಗಳ ವಿಷಯ. ದಯವಿಟ್ಟು ಅವುಗಳನ್ನು ಬಿಟ್ಟುಬಿಡಿ. ಹಿಂದೊಮ್ಮೆ ನಾನು ಮಿಕ್ಸ್ ಮಾಡಿದ, ಅಂದರೆ ಗಾಯನವನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸಿದ, ಒಂದು ಆಲ್ಬಮ್ ಬಿಡುಗಡೆಯಾದ ಎರಡನೆಯ ವಾರ ಅದರ ಶೀರ್ಷಿಕೆ ಹಾಡಿನ ಮೇಲೆ ಬೇರೊಬ್ಬ ಗಾಯಕ ಹಕ್ಕು ಸಾಧಿಸಿದ. ಅದೇ ಬೀಟ್ ಅನ್ನು ಮಾರಾಟಗಾರ ಅವನಿಗೂ ಕೊಟ್ಟಿದ್ದ, ಅವನು ತನ್ನ ಹಾಡನ್ನು ಯೂಟ್ಯೂಬ್‌ನ ಗುರುತಿಸುವ ವ್ಯವಸ್ಥೆಯಲ್ಲಿ ಮೊದಲು ನೋಂದಾಯಿಸಿದ್ದ. ಪರವಾನಗಿಯ ಕಾಗದವನ್ನು ನಾವು ಪೂರ್ತಿ ಓದಿರಲಿಲ್ಲ. ಅದರಲ್ಲಿ ಇಂತಿಷ್ಟು ಸಲ ಕೇಳಿದ ಮೇಲೆ ಮತ್ತೆ ಹಣ ಕಟ್ಟಬೇಕೆಂದೂ ಇತ್ತು. ಆ ಹುಡುಗ ಆ ಹಾಡನ್ನೇ ಇಳಿಸಬೇಕಾಯಿತು. ಅವನ ಮುಖ ನನಗೆ ಇಂದಿಗೂ ನೆನಪಿದೆ. ಬೀಟ್ ನಿಮ್ಮದಲ್ಲದಿದ್ದರೆ ಆಲ್ಬಮ್ ನಿಮ್ಮದಲ್ಲ.

ಹಳೆಯ ಸಿನಿಮಾ ಹಾಡಿನ ತುಣುಕು ಹಾಕಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ‘ಎಂಟು ಸೆಕೆಂಡಿನವರೆಗೆ ಬಳಸಬಹುದು’ ಎಂಬ ನಂಬಿಕೆ ಎಲ್ಲೆಡೆ ಹರಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಂಥ ಯಾವ ರಿಯಾಯಿತಿಯೂ ಇಲ್ಲ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚಿಸಿದವರ ಜೀವಿತಕಾಲ ಮತ್ತು ಅದರ ಮೇಲೆ 60 ವರ್ಷ. ತುಣುಕು ಬೇಕಿದ್ದರೆ ಇಬ್ಬರನ್ನೂ ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು.

ಬೀಟ್ ಮಾಡಲು ನನಗೆಲ್ಲಿ ಬರುತ್ತದೆ ಎಂದು ಹಿಂಜರಿಯಬೇಡಿ. ಹಿಪ್ ಹಾಪ್ ಹುಟ್ಟಿದ್ದೇ ಕೈಗೆ ಸಿಕ್ಕಿದ ಸಾಮಾನಿನಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಯಲ್ಲಿ ರೆಕಾರ್ಡುಗಳನ್ನು ನುಡಿಸಿದ ದಿನವನ್ನು ಅದರ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ಜನ ಕುಣಿಯುವುದು ಹಾಡಿನ ನಡುವೆ ಬರೀ ಡ್ರಮ್ ಉಳಿಯುವ ಕಡೆ ಎಂದು ಆತ ಕಂಡುಕೊಂಡು, ಎರಡು ರೆಕಾರ್ಡ್ ಪ್ಲೇಯರುಗಳಿಂದ ಆ ಭಾಗವನ್ನೇ ಎಳೆದು ಉದ್ದ ಮಾಡಿದ. ಇಂದು ಎಲ್ಲರೂ ‘808’ ಎಂದು ಕರೆಯುವ ಆಳದ ಬಾಸ್ ಬಂದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ಯಂತ್ರದಿಂದ. ಅದು 1980ರಲ್ಲಿ ಬಂದು 1983ರಲ್ಲಿ ನಿಂತುಹೋಯಿತು. ನಿಜವಾದ ಡ್ರಮ್‌ನಂತೆ ಕೇಳುವುದಿಲ್ಲವೆಂದು ಅನೇಕರು ಅದನ್ನು ಮೂಲೆಗೆಸೆದರು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಅದು ಬಡ ಹುಡುಗರ ಕೈ ಸೇರಿತು.

ನಿಮ್ಮ ಕೈಗೆ ಸಿಕ್ಕಿದ ಸಾಮಾನು ಯಾವುದು? ಅಜ್ಜಿಯ ಕತ್ತರಿ. ನಿಮ್ಮ ಹಾಡಿನಲ್ಲಿ ಕತ್ತರಿಯ ಬಗ್ಗೆ ಆರು ಸಾಲುಗಳಿವೆ, ಕತ್ತರಿಯ ಸದ್ದು ಒಂದು ಸಲವೂ ಇಲ್ಲ. ರಾತ್ರಿ ಊಟವಾದ ಮೇಲೆ, ಫ್ಯಾನ್ ಆರಿಸಿ, ಅವರು ಎಲೆ ಕತ್ತರಿಸಲು ಕುಳಿತಾಗ ಮೈಕ್ ಅನ್ನು ಒಂದು ಗೇಣು ದೂರದಲ್ಲಿಟ್ಟು ಹತ್ತು ನಿಮಿಷ ಸುಮ್ಮನೆ ಮುದ್ರಿಸಿ. ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟಾಗಿನ ಟಿಕ್, ಕತ್ತರಿ ಬಾಯಿ ಮುಚ್ಚುವಾಗಿನ ಚಕ್, ಎಲೆ ಸುರುಳಿಯಾಗುವ ಸರಸರ, ನೂಲು ಸುತ್ತಿ ಎಳೆಯುವ ಸಣ್ಣ ಸದ್ದು, ಕಟ್ಟಿದ ಬೀಡಿಯನ್ನು ತಡ್ಪೆಗೆ ಹಾಕುವ ಮೆತ್ತನೆಯ ಪೆಟ್ಟು. ಹೈ-ಹ್ಯಾಟ್ ಎಂಬ ತಾಳ, ಶೇಕರ್ ಎಂಬ ಗಿಲಕಿ, ಸ್ನೇರ್‌ನ ಮೇಲ್ಪದರ ಎಲ್ಲವೂ ಅದರಲ್ಲಿ ಇವೆ. ಕೆಳಗೆ 808ರ ಬಾಸ್, ಒಂದು ಕಿಕ್, ಅಷ್ಟೇ ಸಾಕು.

ಒಂದು ಎಚ್ಚರಿಕೆ. ಆ ಸದ್ದುಗಳನ್ನು ಸಾಫ್ಟ್‌ವೇರಿನ ಗೆರೆಗಳಿಗೆ ಅಂಟಿಸಿ ನೇರ ಮಾಡಬೇಡಿ. ನಲವತ್ತು ವರ್ಷ ಕತ್ತರಿ ಆಡಿಸಿದ ಕೈಗೆ ತನ್ನದೇ ನಡೆ ಇರುತ್ತದೆ, ಒಂದು ಪೆಟ್ಟು ಕೂದಲೆಳೆಯಷ್ಟು ಮುಂದೆ, ಇನ್ನೊಂದು ಅಷ್ಟೇ ಹಿಂದೆ. ರೋಜರ್ ಲಿನ್ ವಿನ್ಯಾಸ ಮಾಡಿ 1988ರಲ್ಲಿ ಬಂದ ಅಕಾಯ್ ಎಂಪಿಸಿ60 ಯಂತ್ರ ನಿರ್ಮಾಪಕರಿಗೆ ಅಷ್ಟು ಪ್ರಿಯವಾದ ಒಂದು ಕಾರಣ, ಅದು ಪ್ರತಿ ಜೋಡಿ ತುಂಡಿನಲ್ಲಿ ಎರಡನೆಯದನ್ನು ಬೇಕೆಂದೇ ತಡಮಾಡಿ ಬೀಟ್‌ಗೆ ತೂಗು ಕೊಡುತ್ತಿತ್ತು. ಯಂತ್ರದಲ್ಲಿ ಕೃತಕವಾಗಿ ತಂದ ಆ ತೂಗು ನಿಮ್ಮ ಮನೆಯ ಚಾವಡಿಯಲ್ಲೇ ಇದೆ. ಅಜ್ಜಿಯ ನಾಲ್ಕು ಬಾರ್‌ಗಳನ್ನು ಕತ್ತರಿಸದೆ ಇಟ್ಟುಕೊಂಡು, ಉಳಿದ ವಾದ್ಯಗಳನ್ನು ಅದಕ್ಕೆ ಹೊಂದಿಸಿ.

ಆಲ್ಬಮ್‌ಗೆ ಇನ್ನೊಂದು ಬೆನ್ನೆಲುಬು ಬೇಕು, ಅದು ಹುಲಿವೇಷಕ್ಕೆ ಬಾರಿಸುವ ತಾಸೆ ಎಂಬ ತಾಳವಾದ್ಯ. ಅಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿಗೆ, ಆಮೇಲೆ ನವರಾತ್ರಿಗೆ ಹುಲಿವೇಷದ ತಂಡಗಳು ಅಭ್ಯಾಸ ಮಾಡುತ್ತವೆ. ಮೆರವಣಿಗೆಯಲ್ಲಿ ಮುದ್ರಿಸಲು ಹೋಗಬೇಡಿ, ಬರೀ ಗದ್ದಲ ಸಿಗುತ್ತದೆ. ಇಬ್ಬರು ತಾಸೆಯವರನ್ನು ಒಂದು ಮಧ್ಯಾಹ್ನ ಕರೆಸಿ, ಬಯಲಿನಲ್ಲಿ, ಗೋಡೆಗಳಿಂದ ದೂರ ನಿಲ್ಲಿಸಿ, ಮೈಕ್ ಅನ್ನು ನಾಲ್ಕೈದು ಅಡಿ ದೂರದಲ್ಲಿಟ್ಟು ಒಬ್ಬೊಬ್ಬರನ್ನೇ ಮುದ್ರಿಸಿ. ತಾಸೆಯ ಪೆಟ್ಟು ಚೂಪು, ಮೀಟರ್ ತೋರಿಸುವುದಕ್ಕಿಂತ ಮೊದಲೇ ಮೇಲೆ ಹೋಗಿ ಇಳಿದಿರುತ್ತದೆ. ಗೇನ್ ಅನ್ನು (ಮೈಕ್ ಧ್ವನಿಯನ್ನು ಎತ್ತರಿಸುವ ಮಟ್ಟವನ್ನು) ಸಾಕೆನಿಸುವುದಕ್ಕಿಂತ ಇನ್ನೂ ಕೆಳಗಿಡಿ. ಚರ್ಮದ ತಾಸೆಯಾದರೆ ಬೆಂಕಿಗೆ ಹಿಡಿದು ಕಾಯಿಸಿದ ಕೂಡಲೇ ನುಡಿಸಲಿ, ಆರುತ್ತಾ ಬಂದಂತೆ ಶ್ರುತಿ ಇಳಿಯುತ್ತದೆ. ಅವರಿಗೆ ಅಂದೇ ಸಂಭಾವನೆ ಕೊಟ್ಟು, ಈ ಧ್ವನಿಯನ್ನು ಆಲ್ಬಮ್‌ನಲ್ಲಿ ಬಳಸಲು ಒಪ್ಪಿಗೆಯಿದೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪ್ರದರ್ಶಕರಿಗೂ ನಮ್ಮ ಕಾಯಿದೆಯಲ್ಲಿ ಹಕ್ಕಿದೆ, 38ನೆಯ ಕಲಂ ಅದಕ್ಕೇ ಇರುವುದು.

ನಿಮ್ಮ ಒಂಬತ್ತನೆಯ ಹಾಡಿನಲ್ಲಿ ಕೋಲದ ಪಾಡ್ದನದ (ತುಳುವಿನ ಕಥನಗೀತೆಯ) ತುಣುಕು ಸೇರಿಸುವ ಯೋಚನೆ ಇದೆ ಎಂದು ಹಾಳೆಯ ಅಂಚಿನಲ್ಲಿ ಬರೆದಿದ್ದೀರಿ. ಮೊಬೈಲಿನಲ್ಲಿ ಹಿಡಿದ ಧ್ವನಿಯನ್ನು ಹಾಗೆಯೇ ಹಾಕಬೇಡಿ. ಕಾನೂನಿನ ಮಾತು ಹಾಗಿರಲಿ, ಅದು ದೈವದ ಚಾಕರಿಯಲ್ಲಿರುವವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಾತು, ಅವರ ಬಾಯಲ್ಲಿ ಅದಕ್ಕೊಂದು ಜಾಗ, ಒಂದು ಹೊತ್ತು ಇದೆ. ಹಾಡುವವರ ಬಳಿ ಹೋಗಿ ಕೇಳಿ. ಬೇಡ ಎಂದರೆ ಬಿಡಿ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಪಾಡ್ದನಗಳು ನಿಮ್ಮ ಅಜ್ಜಿಗೇ ಒಂದೆರಡು ಬರಬಹುದು.

ಎಲ್ಲಿ, ಯಾವಾಗ ಮುದ್ರಿಸುವುದು ಎಂಬುದು ನಮ್ಮ ಕರಾವಳಿಯಲ್ಲಿ ಸಣ್ಣ ಪ್ರಶ್ನೆಯಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ ಇದು. ನಿಮ್ಮದು ಹಂಚಿನ ಮನೆ ಎಂದಿದ್ದೀರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗಾಯನ ಮುದ್ರಿಸುವ ಆಸೆ ಬಿಟ್ಟುಬಿಡಿ. ಹಂಚಿನ ಮೇಲಿನ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರ್ ತೆಗೆದರೂ ಅದರ ಜೊತೆಗೆ ನಿಮ್ಮ ‘ಸ’ಕಾರವೂ ಹೋಗುತ್ತದೆ. ಸೂಕ್ಷ್ಮವಾದ ಕಂಡೆನ್ಸರ್ ಮೈಕ್‌ಗಳು ಆ ತೇವಕ್ಕೆ ಚಟಪಟ ಎನ್ನಲು ತೊಡಗುತ್ತವೆ. ಇದೇ ಕಾರಣಕ್ಕೆ ನಿಮಗೆ ಡೈನಮಿಕ್ ಮೈಕ್ ಹೇಳುತ್ತೇನೆ. ತೇವಕ್ಕೆ ಜಗ್ಗುವುದಿಲ್ಲ, ದೂರದ ನಾಯಿ, ಪಕ್ಕದ ಮನೆಯ ಮಿಕ್ಸಿ, ಹೆದ್ದಾರಿಯ ಬಸ್ಸಿನ ಹಾರ್ನ್ ಅಷ್ಟಾಗಿ ಹಿಡಿಯುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಸಾಹಿತ್ಯ ತಿದ್ದಿ, ಬೀಟ್ ಕಟ್ಟಿ. ಅಷ್ಟಮಿಯ ಹೊತ್ತಿಗೆ ತಾಸೆ ಮುದ್ರಿಸಿ. ದೀಪಾವಳಿ ಕಳೆದ ಮೇಲೆ ಗಾಯನ. ಆದರೆ ಆಗ ಕೋಲ, ನೇಮ, ಯಕ್ಷಗಾನದ ಕಾಲ ಶುರುವಾಗುತ್ತದೆ. ಆ ಕಾಲ ಮುಗಿಯುವ ಪತ್ತನಾಜೆಯ ದಿನದವರೆಗೂ ಯಾವ ರಾತ್ರಿ ಎಲ್ಲಿಂದ ಧ್ವನಿವರ್ಧಕದ ಸದ್ದು ಬರುತ್ತದೋ ಹೇಳಲಾಗದು. ಊರಿನ ನೇಮದ ದಿನಗಳನ್ನು ಮೊದಲೇ ಗುರುತು ಮಾಡಿಕೊಂಡು ಉಳಿದ ರಾತ್ರಿಗಳನ್ನು ಇಟ್ಟುಕೊಳ್ಳಿ.

ಕೋಣೆಯಲ್ಲಿ ಕಾವಿ ನೆಲವಿದ್ದರೆ ಚಾಪೆಯ ಮೇಲೆ ಕಂಬಳಿ ಹಾಸಿ. ಹತ್ತಿಯ ಹಾಸಿಗೆಯನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ, ಏಕೆಂದರೆ ಮೈಕ್ ನೋಡುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟರೆ ಅದಕ್ಕಿಂತ ಮೇಲು.

ಬಾಸ್‌ನ ವಿಷಯದಲ್ಲಿ ಮಾತ್ರ ಕೋಣೆ ನಿಮಗೆ ಸುಳ್ಳು ಹೇಳುತ್ತದೆ. ನಿಮ್ಮದು ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಅಷ್ಟು ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆ ಸಿಕ್ಕಿಬಿದ್ದು ನಿಲ್ಲುತ್ತದೆ. ಚೌಕದ ಕೋಣೆಯಾದ್ದರಿಂದ ಎರಡೂ ದಿಕ್ಕಿನಲ್ಲಿ ಅದೇ ಅಲೆ. ಗೋಡೆಯ ಬಳಿ ಅದು ಭೋರೆನ್ನುತ್ತದೆ, ಕೋಣೆಯ ನಟ್ಟನಡುವೆ ಬಹುತೇಕ ಮಾಯವಾಗುತ್ತದೆ. ನಿಮ್ಮ ಕಚ್ಚಾ ಪ್ರತಿಯ 808 ಇರುವುದು 55 ಹರ್ಟ್ಸ್‌ನಲ್ಲಿ. ನೀವು ಕೋಣೆಯ ನಡುವೆ ಕುಳಿತು, ಬಾಸ್ ಕೇಳಿಸದೆ, ಅದನ್ನು ಏರಿಸುತ್ತಲೇ ಹೋಗಿದ್ದೀರಿ. ನನ್ನ ಕಾರಿನ ಬಾಗಿಲುಗಳು ನಡುಗಿದ್ದು ಅದಕ್ಕೇ. ಸ್ಪೀಕರ್ ಬಳಸುವುದಾದರೆ ಮುಂದಿನ ಗೋಡೆಯಿಂದ ಸುಮಾರು ನಾಲ್ಕಡಿ ಬಿಟ್ಟು ಕುಳಿತುಕೊಳ್ಳಿ, ಬಾಸ್‌ನ ತೀರ್ಮಾನವನ್ನು ಹೆಡ್‌ಫೋನಿನಲ್ಲಿ ಮಾಡಿ. ಮೊಬೈಲ್ ಸ್ಪೀಕರಿಗೆ ಆ ಆಳದ ಸ್ವರ ಹೊರಡಿಸಲು ಆಗುವುದೇ ಇಲ್ಲ. ಹಾಗಾಗಿ ಬಾಸ್‌ಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒರಟಾಗಿಸುವ ಪರಿಣಾಮ) ಕೊಟ್ಟು ಮೇಲಿನ ಸ್ವರಾಂಶಗಳನ್ನು ಹುಟ್ಟಿಸಿ. ಅವು ಕೇಳಿಸಿದರೆ ಸಾಕು, ಇಲ್ಲದ ಮೂಲಸ್ವರವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ಕೇಳುವವರು, ಅಂಗಡಿಯಲ್ಲಿ ನಿಂತು ನೀವು ದಿನವೂ ನೋಡುತ್ತೀರಿ.

ಈಗ ಹಣ. ನಾನಾದರೆ ಹೀಗೆ ಹಂಚುತ್ತಿದ್ದೆ: ಮೈಕ್ ಅನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್‌ಗೆ ಹನ್ನೆರಡು ಸಾವಿರದವರೆಗೆ, ಡೈನಮಿಕ್ ಮೈಕ್‌ಗೆ ಹತ್ತು, ಕಿವಿ ಮುಚ್ಚುವ ಹೆಡ್‌ಫೋನಿಗೆ ಎಂಟೊಂಬತ್ತು, ಸ್ಟ್ಯಾಂಡ್, ಕೇಬಲ್, ಪಾಪ್ ಫಿಲ್ಟರ್‌ಗೆ ಮೂರು. ಹಾಡು ಮುದ್ರಿಸಿ ಮಿಕ್ಸ್ ಮಾಡುವ ರೀಪರ್ ಎಂಬ ಸಾಫ್ಟ್‌ವೇರಿನ ವೈಯಕ್ತಿಕ ಪರವಾನಗಿ 60 ಡಾಲರಿಗೆ ಸಿಗುತ್ತದೆ, ಕದ್ದ ಸಾಫ್ಟ್‌ವೇರ್ ಬೇಡವೇ ಬೇಡ. ಇನ್ನುಳಿಯುವ ಇಪ್ಪತ್ತು ಸಾವಿರದ ಆಸುಪಾಸಿನ ಹಣವನ್ನು ಯಂತ್ರಗಳಿಗೆ ಹಾಕಬೇಡಿ. ಅದು ಮನುಷ್ಯರಿಗೆ ಹೋಗಲಿ: ತಾಸೆಯವರಿಗೆ, ಕೊನೆಯಲ್ಲಿ ಮಾಸ್ಟರಿಂಗ್ ಮಾಡುವ, ಅಂದರೆ ಮಿಕ್ಸ್ ಆದ ಹಾಡುಗಳಿಗೆ ಕೊನೆಯ ಹದ ಕೊಡುವ, ಒಬ್ಬ ಹೊರಗಿನವರಿಗೆ. ಸ್ವಂತ ನಿರ್ಮಾಣವೆಂದರೆ ಪ್ರತಿಯೊಂದು ತೀರ್ಮಾನ ನಿಮ್ಮದಾಗಿರುವುದು. ಆದರೆ ಆರು ತಿಂಗಳು ಅದೇ ಹಾಡನ್ನು ಕೇಳಿದ ಕಿವಿಗೆ ಅದರ ದೋಷ ಕೇಳಿಸುವುದು ನಿಂತಿರುತ್ತದೆ. ಆ ಒಂದು ಹಂತಕ್ಕೆ ಹೊಸ ಕಿವಿ ಬೇಕು.

ಗಾಯನವನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ, ಜೋರು ಪದಕ್ಕೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಿರಲಿ. ಮೈಕ್‌ನಿಂದ ಒಂದು ಗೇಣಿನೊಳಗೆ, ಬಾಯಿಯ ನೇರಕ್ಕಿಂತ ತುಸು ಬದಿಗೆ. ಪ, ಬ, ಭ ಅಕ್ಷರಗಳ ಗಾಳಿ ಪಕ್ಕಕ್ಕೆ ಹೋಗುತ್ತದೆ. ಒಂದು ಚರಣವನ್ನು ಪೂರ್ತಿಯಾಗಿ ಒಂದೇ ಉಸಿರಿನ ಓಟದಲ್ಲಿ ಐದಾರು ಸಲ ಹಾಡಿ ಒಳ್ಳೆಯದನ್ನು ಆರಿಸಿ. ಸಾಲು ಸಾಲಾಗಿ ಕತ್ತರಿಸಿ ಜೋಡಿಸಿದರೆ ಉಸಿರಿನ ಕಥೆ ಮುರಿಯುತ್ತದೆ. ಮಿಕ್ಸ್ ಮಾಡುವಾಗ ಗಾಯನದಲ್ಲಿ 90 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಿರಿ. ಕ, ಚ, ಟ, ತ ಎಂಬ ವ್ಯಂಜನಗಳ ಸ್ಪಷ್ಟತೆ ಇರುವುದು ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವೆ, ತಾಸೆ ಕೂಡ ಅಲ್ಲೇ ಕಿರುಚುತ್ತದೆ. ಜಗಳವಾದಾಗ ಸೋಲಬೇಕಾದ್ದು ತಾಸೆ.

ತಾಳಮದ್ದಳೆ ಕೇಳಿದ್ದೀರಲ್ಲ? ಭಾಗವತರ ಪದ ಮುಗಿದು ಅರ್ಥಧಾರಿ ಮಾತಿಗೆ ತೊಡಗಿದ ಮೇಲೆ ಚೆಂಡೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಷ್ಟು ಗಟ್ಟಿ ವಾದ್ಯ ಪಕ್ಕದಲ್ಲೇ ಇದ್ದೂ ಮಾತಿಗೆ ಜಾಗ ಬಿಡುತ್ತದೆ, ಮತ್ತೆ ಪದ ಬಂದಾಗ ಅದು ಎರಡು ಪಟ್ಟು ಗಟ್ಟಿ ಕೇಳುತ್ತದೆ. ನೀವು ಕಳುಹಿಸಿದ ಹಾಡಿನಲ್ಲಿ ಮೊದಲ ಸೆಕೆಂಡಿನಿಂದ ಕೊನೆಯವರೆಗೆ ಎಲ್ಲ ವಾದ್ಯಗಳೂ ನುಡಿಯುತ್ತಲೇ ಇವೆ. ಅಜ್ಜಿಯ ಹಾಡಿನಲ್ಲಿ ‘ಕಂಟ್ರಾಕ್ಟುದಾರ ಬೀಡಿ ಎಣಿಸಿ ಬದಿಗೆ ತಳ್ಳಿದ’ ಎಂಬ ಸಾಲಿದೆಯಲ್ಲ, ಅಲ್ಲಿ ಬಾಸ್, ಕಿಕ್, ಸ್ನೇರ್ ಎಲ್ಲವನ್ನೂ ನಿಲ್ಲಿಸಿ. ಕತ್ತರಿಯ ಚಕ್ ಒಂದೇ ಉಳಿಯಲಿ, ಒಂದು ಬಾರ್ ಪೂರ್ತಿ.

ಹನ್ನೊಂದು ಹಾಡು ಹೆಚ್ಚಾಯಿತು. ಎಂಟು ಸಾಕು, ಒಟ್ಟು ಅರ್ಧ ಗಂಟೆ. ಕಟಪಾಡಿಯಲ್ಲಿ ಬಸ್ ಹತ್ತಿದವನು ಮೂಲ್ಕಿ ಮುಟ್ಟುವಷ್ಟರಲ್ಲಿ ಕೇಳಿ ಮುಗಿಸುವಂತಿರಲಿ. ಪ್ರೀತಿಯ ಎರಡು ಹಾಡುಗಳು ಮತ್ತು ‘ನಾನೇ ದೊಡ್ಡವನು’ ಎನ್ನುವ ಹಾಡು ಹೋಗಲಿ, ಅವುಗಳನ್ನು ಬೇರೆ ಯಾರೂ ಬರೆಯಬಹುದಿತ್ತು. ಮಿಕ್ಸ್ ಮುಗಿದಾಗ ಪರಿಚಯದ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಒಬ್ಬರನ್ನು ಕೇಳಿಕೊಂಡು ಬಸ್ಸಿನಲ್ಲೇ ಹಾಕಿಸಿ. ಹಿಂದಿನ ಸೀಟಿನಲ್ಲಿ ಕುಳಿತು ಜನರ ಮುಖ ನೋಡಿ. ಇಂಜಿನ್ ಸದ್ದಿನ ನಡುವೆ ಯಾವ ಪದ ಕಳೆದುಹೋಯಿತೆಂದು ಬರೆದುಕೊಳ್ಳಿ. ನಾನು ಇಪ್ಪತ್ತು ವರ್ಷಗಳಲ್ಲಿ ಬಳಸಿದ ಪರೀಕ್ಷೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಸಿಕ್ಕಿಲ್ಲ.

ಮಾಸ್ಟರಿಂಗ್‌ಗೆ ಕಳುಹಿಸುವಾಗ ಕೊನೆಯ ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ಒತ್ತುವ ಸಾಧನ) ತೆಗೆದು, ಮೇಲೆ ಐದಾರು ಡೆಸಿಬೆಲ್ ಖಾಲಿ ಬಿಟ್ಟು ಕೊಡಿ. ಜೋರು ಮಾಡುವ ಹಟ ಬೇಡ. ಸ್ಪಾಟಿಫೈ ಮತ್ತು ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನ) ಆಸುಪಾಸಿಗೆ ಜೋರು ಹಾಡುಗಳನ್ನು ತಾವಾಗಿಯೇ ಇಳಿಸುತ್ತವೆ. ಹಿಂಡಿ ಜೋರು ಮಾಡಿದ್ದಕ್ಕೆ ಉಳಿಯುವುದು ಹಿಂಡಿದ ಗಾಯ ಮಾತ್ರ.

ಬಿಡುಗಡೆಯ ಕೆಲಸ ಸುಲಭ. ವಿತರಣಾ ಸೇವೆಯೊಂದರ ಮೂಲಕ ನಾಲ್ಕು ವಾರ ಮೊದಲೇ ಏರಿಸಿ. ಗುರುತಿಗಾಗಿ ಪ್ರತಿ ಹಾಡಿಗೊಂದು ಐಎಸ್‌ಆರ್‌ಸಿ, ಆಲ್ಬಮ್‌ಗೊಂದು ಯುಪಿಸಿ ಸಂಖ್ಯೆ ಅವರೇ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಸ್ಪಾಟಿಫೈ ಸಂಪಾದಕರಿಗೆ ಬಿಡುಗಡೆಗಿಂತ ಕನಿಷ್ಠ ಏಳು ದಿನ ಮೊದಲು ಹಾಡು ಸೂಚಿಸಬೇಕು. ನಿಮ್ಮ ಹೆಸರಿನ ಕಾಗುಣಿತ ಎಲ್ಲೆಡೆ ಒಂದೇ ಇರಲಿ. ಸಾಹಿತಿಯಾಗಿ, ಸಂಯೋಜಕರಾಗಿ, ಅಂಥವರ ಪರವಾಗಿ ರಾಯಧನ ಸಂಗ್ರಹಿಸುವ ಸಂಘವಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ. ಮುಂದೆ ಯಾವುದಾದರೂ ಕಂಪನಿ ಹಾಡು ಕೇಳಿಕೊಂಡು ಬಂದರೆ ನೆನಪಿಡಿ: ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ.

ವಿವರ ತುಂಬುವ ಪುಟದಲ್ಲಿ ಯಾರು ಏನು ನುಡಿಸಿದರು ಎಂದು ಕೇಳುವ ಜಾಗವಿರುತ್ತದೆ. ಅಲ್ಲಿ ತಾಸೆಯವರಿಬ್ಬರ ಹೆಸರನ್ನು ಅವರು ಹೇಳಿದ ಹಾಗೆಯೇ ಹಾಕಿ. ಅಜ್ಜಿಯನ್ನು ಮೊದಲು ಕೇಳಿ, ಒಪ್ಪಿದರೆ ಅವರ ಪೂರ್ತಿ ಹೆಸರು ಬರೆದು, ಮುಂದೆ ‘ತಾಳವಾದ್ಯ: ಕತ್ತರಿ’ ಎಂದು ನಮೂದಿಸಿ.